ಕಾರು, ಸೈಕಲ್ ಮತ್ತು ಮೂರೂವರೆ ಮೀಟರ್ ರಸ್ತೆ

ಕಳೆದ ಕೆಲವು ವರ್ಷಗಳ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಲೆ ಗಿರ್ರೆನ್ನುತ್ತದೆ. 2022ರ ಜನವರಿಯಲ್ಲಿ ಬ್ರಿಟನ್ ತನ್ನ ರಸ್ತೆ ನಿಯಮಗಳನ್ನು ತಿದ್ದಿತು. ಕೆಲವು ಸಂದರ್ಭಗಳಲ್ಲಿ ಸೈಕಲ್ ಸವಾರರು ಲೇನಿನ ನಟ್ಟನಡುವೆಯೇ ಹೋಗಬೇಕು ಎಂದು ಬರೆಯಿತು. ಅದೇ ಬ್ರಿಟನ್‌ನ ಸಂಸತ್ತಿಗೆ 2025ರಲ್ಲಿ ಬಂದ ಮಸೂದೆಯೊಂದು, ಅಪಾಯಕಾರಿಯಾಗಿ ಸೈಕಲ್ ಓಡಿಸಿ ಯಾರದಾದರೂ ಸಾವಿಗೆ ಕಾರಣರಾದವರಿಗೆ ಜೀವಾವಧಿಯವರೆಗೂ ಶಿಕ್ಷೆ ಕೊಡಬಹುದು ಎಂದಿತು.

ಕೆನಡಾದಲ್ಲಿ ಇನ್ನೂ ವಿಚಿತ್ರ. ಒಂಟಾರಿಯೊ ಪ್ರಾಂತ್ಯದ ಸರ್ಕಾರ 2024ರ ನವೆಂಬರ್‌ನಲ್ಲಿ ಕಾನೂನು ಮಾಡಿ, ಟೊರಾಂಟೊದ ಮೂರು ದೊಡ್ಡ ರಸ್ತೆಗಳ ಸೈಕಲ್ ಪಥಗಳನ್ನು ಕೀಳಲು ಹೊರಟಿತು. 2025ರ ಜುಲೈನಲ್ಲಿ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. ನ್ಯೂಯಾರ್ಕ್ ನಗರ 2025ರ ಅಕ್ಟೋಬರ್‌ನಿಂದ ಇ-ಬೈಕ್‌ಗಳಿಗೆ (ಬ್ಯಾಟರಿ ಮೋಟಾರು ಇರುವ ಸೈಕಲ್‌ಗಳಿಗೆ) ಗಂಟೆಗೆ 15 ಮೈಲಿಯ, ಅಂದರೆ ಸುಮಾರು 24 ಕಿ.ಮೀ. ವೇಗದ ಮಿತಿ ಹಾಕಿತು.

ಹಾಗಾದರೆ ಸರ್ಕಾರಗಳು ಸೈಕಲ್ಲಿನ ಪರವೋ ವಿರುದ್ಧವೋ? ಕಾರಿನವರನ್ನು ಕೇಳಿದರೆ ನಮ್ಮ ರಸ್ತೆ ಕಿತ್ತುಕೊಳ್ಳುತ್ತಿದ್ದಾರೆ ಅನ್ನುತ್ತಾರೆ. ಸೈಕಲ್ಲಿನವರನ್ನು ಕೇಳಿದರೆ ನಮ್ಮ ಜೀವಕ್ಕೆ ಬೆಲೆಯೇ ಇಲ್ಲ ಅನ್ನುತ್ತಾರೆ. ಇಬ್ಬರಿಗೂ ತಾವೇ ಸೋಲುತ್ತಿದ್ದೇವೆ ಎಂಬ ಭಾವನೆ. ಈ ಜಗಳದಲ್ಲಿ ಸ್ವಭಾವ, ಸಂಸ್ಕಾರ, ಸಿಟ್ಟು ಎಲ್ಲಾ ಬರುತ್ತವೆ, ನಿಜ. ಆದರೆ ಅದರ ಬುಡದಲ್ಲಿರುವುದು ರಸ್ತೆಯ ಅಗಲ ಮತ್ತು ವೇಗದ ಲೆಕ್ಕ. ಆ ಲೆಕ್ಕ ಹಿಡಿದು ಹೊರಟರೆ ಮೇಲಿನ ಸುದ್ದಿಗಳು ಒಂದೊಂದಾಗಿ ಅರ್ಥವಾಗುತ್ತವೆ.

ಅಗಲದ ಲೆಕ್ಕ

ಊರೊಳಗಿನ ರಸ್ತೆಯ ಒಂದು ಲೇನ್ ಸಾಮಾನ್ಯವಾಗಿ 3ರಿಂದ 3.5 ಮೀಟರ್ ಅಗಲ. ಸೈಕಲ್ ಹ್ಯಾಂಡಲ್ ಸುಮಾರು 70 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸವಾರರು ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗಲು ಆಗುವುದಿಲ್ಲ. ಮೋರಿಯ ಜಾಲರಿ, ಗುಂಡಿ, ಜಲ್ಲಿ, ಗಾಜಿನ ಚೂರು ಎಲ್ಲಾ ಬಂದು ಸೇರುವುದು ಅಂಚಿಗೇ. ಹಾಗಾಗಿ ಕನಿಷ್ಠ ಅರ್ಧ ಮೀಟರ್ ಬಿಡಬೇಕು. ಬ್ರಿಟನ್‌ನ ನಿಯಮವೂ ಇದನ್ನೇ ಹೇಳುತ್ತದೆ.

ಈಗ ಕೂಡಿಸಿ. ಅಂಚಿನಿಂದ 0.5 ಮೀಟರ್, ಸೈಕಲ್ 0.7, ಓವರ್‌ಟೇಕ್ ಮಾಡುವಾಗ ನಡುವೆ ಬಿಡಬೇಕಾದ ಜಾಗ 1.5, ಕನ್ನಡಿಗಳೂ ಸೇರಿ ಕಾರಿನ ಅಗಲ 2. ಒಟ್ಟು 4.7 ಮೀಟರ್. ಲೇನ್ ಇರುವುದು ಮೂರೂವರೆ. ಅಂದರೆ ಕಾರು ಕನಿಷ್ಠ 1.2 ಮೀಟರಿನಷ್ಟು ಪಕ್ಕದ ಲೇನಿಗೆ ಹೋಗಲೇಬೇಕು. ಎದುರಿನಿಂದ ಗಾಡಿ ಬರುತ್ತಿದ್ದರೆ ಅದು ಆಗದ ಕೆಲಸ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಸೈಕಲ್ ಅಂಚಿನಲ್ಲಿ ಇದ್ದರೂ ಸರಿ, ನಡುವೆ ಇದ್ದರೂ ಸರಿ, ಕಾರು ಪಕ್ಕದ ಲೇನಿಗೆ ಹೋಗದೆ ಸುರಕ್ಷಿತವಾಗಿ ದಾಟಲು ಆಗುವುದಿಲ್ಲ. ಅಂಚಿನಲ್ಲಿದ್ದಾಗ ‘ನುಸುಳಿಬಿಡಬಹುದು’ ಎಂಬಂತೆ ಕಾಣುತ್ತದೆ, ಅಷ್ಟೇ. ಆ ಕಾಣುವಿಕೆಯೇ ಅಪಾಯ. ಚಾಲಕರಿಗೆ ಜಾಗ ಇದೆ ಅನ್ನಿಸುತ್ತದೆ, ನುಗ್ಗುತ್ತಾರೆ, ಎದುರಿನಿಂದ ಗಾಡಿ ಬಂದರೆ ಪಕ್ಕಕ್ಕೆ ಒತ್ತುತ್ತಾರೆ. ಪಕ್ಕದಲ್ಲಿ ಇರುವುದು ಸೈಕಲ್.

ಬ್ರಿಟನ್‌ನ ನಿಯಮ ನಡುವೆ ಹೋಗಿ ಎಂದದ್ದು ಇದೇ ಕಾರಣಕ್ಕೆ. ಅದೂ ಎಲ್ಲಾ ಕಡೆ ಅಲ್ಲ. ಗಾಡಿ ಕಡಿಮೆ ಇರುವ ರಸ್ತೆಗಳಲ್ಲಿ, ಗಾಡಿಗಳು ನಿಧಾನವಾಗಿ ಚಲಿಸುವಾಗ, ಮತ್ತು ಜಂಕ್ಷನ್ ಹತ್ತಿರ ಅಥವಾ ರಸ್ತೆ ಕಿರಿದಾಗುವ ಕಡೆ. ವೇಗದ ಗಾಡಿಗಳು ಹಿಂದೆ ಬಂದರೆ, ಸುರಕ್ಷಿತ ಅನ್ನಿಸಿದಾಗ ಪಕ್ಕಕ್ಕೆ ಸರಿದು ದಾರಿ ಬಿಡಿ ಎಂದೂ ಅದರಲ್ಲೇ ಇದೆ. ಸುದ್ದಿಯಲ್ಲಿ ಈ ಎರಡನೇ ಭಾಗ ಬಿಟ್ಟುಹೋಯಿತು. ‘ಸೈಕಲ್ಲಿನವರು ಇನ್ನು ರಸ್ತೆಯ ಒಡೆಯರು’ ಎಂಬ ಧಾಟಿಯಲ್ಲಿ ಚರ್ಚೆ ನಡೆಯಿತು.

ನಿಂತ ಕಾರುಗಳ ಸಾಲಿನ ಪಕ್ಕದಲ್ಲೂ ಇದೇ ಕಥೆ. ಕಾರಿನ ಬಾಗಿಲು ಪೂರ್ತಿ ತೆರೆದರೆ ಸುಮಾರು ಒಂದು ಮೀಟರ್ ಹೊರಗೆ ಚಾಚುತ್ತದೆ. ಒಳಗಿದ್ದವರು ಹಿಂದೆ ನೋಡದೆ ಬಾಗಿಲು ತೆಗೆದರೆ ಸವಾರರಿಗೆ ಬ್ರೇಕ್ ಹಿಡಿಯಲೂ ಸಮಯ ಸಿಗುವುದಿಲ್ಲ. ಅದಕ್ಕೇ ಅನುಭವಿ ಸವಾರರು ನಿಂತ ಕಾರುಗಳಿಂದ ದೂರ, ಅಂದರೆ ಓಡುವ ಕಾರುಗಳಿಗೆ ಹತ್ತಿರ, ಹೋಗುತ್ತಾರೆ. ಹಿಂದಿನ ಚಾಲಕರಿಗೆ ಅದು ಸುಮ್ನೆ ಅಡ್ಡ ಬರುತ್ತಿರುವಂತೆ ಕಾಣುತ್ತದೆ. ಬಾಗಿಲಿಗೆ ದೂರದ ಕೈಯಿಂದ ಬಾಗಿಲು ತೆಗೆಯಿರಿ ಎಂದು ಬ್ರಿಟನ್ 2022ರ ತಿದ್ದುಪಡಿಯಲ್ಲಿ ಸೇರಿಸಿತು. ಹಾಗೆ ಮಾಡಿದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಇದು ಹಳೆಯ ಅಭ್ಯಾಸ.

ಜೋಡಿಯಾಗಿ ಹೋಗುವುದು

ಇಬ್ಬರು ಸವಾರರು ಅಕ್ಕಪಕ್ಕ ಹೋಗುವುದನ್ನು ಕಂಡರೆ ಹಾರ್ನ್ ಒತ್ತದ ಚಾಲಕರು ಕಡಿಮೆ. ಹರಟೆ ಹೊಡೆಯುತ್ತಾ ರಸ್ತೆ ಕಟ್ಟಿದ್ದಾರೆ ಅನ್ನಿಸುತ್ತದೆ. ಹರಟೆ ಇರಲೂಬಹುದು ಬಿಡಿ. ಆದರೆ ಹತ್ತು ಜನರ ಗುಂಪಿನ ಲೆಕ್ಕ ನೋಡಿ. ಒಂದೊಂದು ಸೈಕಲ್ 1.8 ಮೀಟರ್, ನಡುವೆ 2 ಮೀಟರ್ ಅಂತರ. ಒಬ್ಬರ ಹಿಂದೆ ಒಬ್ಬರು ಹೋದರೆ ಸಾಲು 36 ಮೀಟರ್ ಉದ್ದ. ಇಬ್ಬಿಬ್ಬರಾಗಿ ಹೋದರೆ 17 ಮೀಟರ್.

ಕಾರು ಸೈಕಲ್ಲಿಗಿಂತ ಗಂಟೆಗೆ 20 ಕಿ.ಮೀ. ಜಾಸ್ತಿ ವೇಗದಲ್ಲಿ ದಾಟುತ್ತಿದ್ದರೆ, ಮೊದಲನೆಯ ಸಾಲನ್ನು ದಾಟಲು ಸುಮಾರು ಆರೂವರೆ ಸೆಕೆಂಡ್ ಬೇಕು. ಎರಡನೆಯದಕ್ಕೆ ಸುಮಾರು ಮೂರು. ಹೇಗೂ ಪಕ್ಕದ ಲೇನಿಗೆ ಹೋಗಲೇಬೇಕು ಅಂದಮೇಲೆ, ಅಲ್ಲಿ ಅರ್ಧ ಸಮಯ ಇದ್ದರೆ ಚಾಲಕರಿಗೇ ಒಳ್ಳೆಯದು ಅಲ್ವಾ?

ಒಂದೂವರೆ ಮೀಟರ್ ಅಳೆಯುವವರು ಯಾರು?

ಜರ್ಮನಿ 2020ರಲ್ಲಿ ತನ್ನ ನಿಯಮವನ್ನು ಖಚಿತ ಅಂಕಿಗೆ ತಂದಿತು: ಸೈಕಲ್ಲನ್ನು ದಾಟುವಾಗ ಊರೊಳಗೆ 1.5 ಮೀಟರ್, ಊರ ಹೊರಗೆ 2 ಮೀಟರ್. ಫ್ರಾನ್ಸ್‌ನಲ್ಲಿ ಇದು 1 ಮತ್ತು 1.5. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2014ರಲ್ಲಿ ಪ್ರಯೋಗವಾಗಿ ಶುರು ಮಾಡಿ ಆಮೇಲೆ ಕಾಯಂ ಮಾಡಿತು. ಅಲ್ಲಿ ವೇಗದ ಮಿತಿ 60 ಕಿ.ಮೀ. ಇರುವ ರಸ್ತೆವರೆಗೆ 1 ಮೀಟರ್, ಅದಕ್ಕಿಂತ ಜಾಸ್ತಿ ಇದ್ದರೆ 1.5.

ಕಾನೂನು ಬರೆಯುವುದು ಸುಲಭ. ಓಡುತ್ತಿರುವಾಗ ಅಳೆಯುವುದು ಹೇಗೆ? ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು 2016ರಲ್ಲಿ ಒಂದು ಉಪಾಯ ಮಾಡಿದರು. ಪೊಲೀಸರೇ ಮಾಮೂಲಿ ಬಟ್ಟೆಯಲ್ಲಿ ಸೈಕಲ್ ಓಡಿಸಿದರು. ತೀರಾ ಹತ್ತಿರದಿಂದ ದಾಟಿದ ಕಾರನ್ನು ಮುಂದೆ ನಿಲ್ಲಿಸಿದರು. ರಸ್ತೆಯಲ್ಲಿ ಎಷ್ಟು ಜಾಗ ಬಿಡಬೇಕು ಎಂದು ತೋರಿಸುವ ದೊಡ್ಡ ಚಾಪೆಯೊಂದನ್ನು ನೆಲಕ್ಕೆ ಹಾಸಿ ಚಾಲಕರಿಗೆ ವಿವರಿಸಿದರು. ತುಂಬಾ ಚಾಲಕರಿಗೆ ತಾವು ಅಷ್ಟು ಹತ್ತಿರ ಹೋಗಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ಕಾರಿನ ಒಳಗೆ ಕೂತು ನೋಡಿದರೆ ಅರ್ಧ ಮೀಟರ್ ಕೂಡ ಸಾಕಷ್ಟು ದೂರ ಅನ್ನಿಸುತ್ತದೆ. ಹೊರಗಿರುವವರಿಗೆ ಅದು ಗಾಳಿಯ ಹೊಡೆತ, ಸದ್ದು, ಸತ್ತೇ ಹೋದೆ ಎಂಬ ಭಯ. ಒಂದೇ ಘಟನೆ, ಒಬ್ಬರಿಗೆ ಎರಡು ಸೆಕೆಂಡಿನಲ್ಲಿ ಮರೆತುಹೋಗುತ್ತದೆ, ಇನ್ನೊಬ್ಬರಿಗೆ ಇಡೀ ದಿನ ಹಿಂದೆ ಬರುತ್ತದೆ. ಮುಂದಿನ ಸಿಗ್ನಲ್ಲಿನಲ್ಲಿ ಸವಾರರು ಬಂದು ಕಾರಿನ ಗಾಜು ತಟ್ಟಿದಾಗ ಚಾಲಕರಿಗೆ ಏನಾಯಿತೆಂದೇ ತಿಳಿಯದಿರುವುದು ಇದಕ್ಕೇ.

ಚಾಲಕರ ದೂರಿನಲ್ಲಿ ಎಷ್ಟು ಹುರುಳಿದೆ?

ಚಾಲಕರ ಪಕ್ಷವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವರ ಮುಖ್ಯ ದೂರು ತಡವಾಗುವುದರ ಬಗ್ಗೆ ಎಂದು ನಾವು ಭಾವಿಸುತ್ತೇವೆ. ಆದರೆ ಅದಕ್ಕಿಂತ ದೊಡ್ಡದು ಭಯ. ಮುಂದಿರುವ ಸೈಕಲ್ ಗುಂಡಿ ತಪ್ಪಿಸಲು ಯಾವಾಗ ಪಕ್ಕಕ್ಕೆ ಬರುತ್ತದೆ, ಕೈ ತೋರಿಸದೆ ಯಾವಾಗ ತಿರುಗುತ್ತದೆ ಗೊತ್ತಾಗುವುದಿಲ್ಲ. ಕತ್ತಲಲ್ಲಿ ಲೈಟ್ ಇಲ್ಲದ ಸೈಕಲ್ ಕೊನೇ ಕ್ಷಣದಲ್ಲಿ ಕಣ್ಣಿಗೆ ಬೀಳುತ್ತದೆ. ತಮ್ಮಿಂದ ಒಂದು ಜೀವ ಹೋದರೆ ಎಂಬ ಆತಂಕ ಒಳ್ಳೆಯ ಚಾಲಕರಿಗೇ ಜಾಸ್ತಿ. ಆತಂಕ ಬಹಳ ಸಲ ಸಿಟ್ಟಾಗಿ ಹೊರಬರುತ್ತದೆ.

ಲಾರಿ ಓಡಿಸುವವರದು ಬೇರೆಯೇ ಕಷ್ಟ. ಎತ್ತರದ ಕ್ಯಾಬಿನ್‌ನಿಂದ ಪಕ್ಕದಲ್ಲಿ, ಮುಂದೆ ತೀರಾ ಹತ್ತಿರದಲ್ಲಿ ಇರುವ ಸೈಕಲ್ ಕಾಣುವುದೇ ಇಲ್ಲ. ಲಾರಿ ತಿರುಗುವಾಗ ಒಳಬದಿಯಲ್ಲಿ ಸಿಕ್ಕಿಬೀಳುವ ಸವಾರರ ಜೀವಕ್ಕೇ ಅಪಾಯ. ಲಂಡನ್ ಇದನ್ನು ಚಾಲಕರ ಎಚ್ಚರಕ್ಕೆ ಬಿಡಲಿಲ್ಲ. ಕ್ಯಾಬಿನ್‌ನಿಂದ ಎಷ್ಟು ಕಾಣುತ್ತದೆ ಎಂಬುದರ ಮೇಲೆ ದೊಡ್ಡ ಲಾರಿಗಳಿಗೆ ನಕ್ಷತ್ರ ಕೊಡುವ ಪದ್ಧತಿ ತಂದಿತು. 2024ರ ಅಕ್ಟೋಬರ್‌ನಿಂದ ಮೂರು ನಕ್ಷತ್ರಕ್ಕಿಂತ ಕಡಿಮೆ ಇರುವ ಲಾರಿಗಳು ಹೆಚ್ಚುವರಿ ಸುರಕ್ಷಾ ಸಾಧನ ಹಾಕಿಸಿಕೊಳ್ಳದೆ ನಗರದೊಳಗೆ ಬರುವಂತಿಲ್ಲ. ತಪ್ಪು ಯಾರದು ಎಂದು ಜಗಳವಾಡುವ ಬದಲು ಗಾಡಿಯನ್ನೇ ಬದಲಿಸಿದ ಉದಾಹರಣೆ ಇದು.

ತಡವಾಗುವ ವಿಷಯಕ್ಕೆ ಬಂದರೆ ಲೆಕ್ಕ ಚಿಕ್ಕದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗಬಹುದಾದ ಕಡೆ, 20 ಕಿ.ಮೀ. ವೇಗದ ಸೈಕಲ್ ಹಿಂದೆ 300 ಮೀಟರ್ ಸಿಕ್ಕಿಕೊಂಡರೆ ಕಳೆದುಕೊಳ್ಳುವುದು ಸುಮಾರು 32 ಸೆಕೆಂಡ್. ಊರೊಳಗೆ ಆ 32 ಸೆಕೆಂಡ್‌ನ ಬಹುಪಾಲು ಮುಂದಿನ ಕೆಂಪು ದೀಪದಲ್ಲಿ ಹೇಗೂ ಹೋಗುತ್ತಿತ್ತು.

‘ನಾವು ತೆರಿಗೆ ಕಟ್ಟುತ್ತೇವೆ, ಅವರು ಕಟ್ಟುವುದಿಲ್ಲ’ ಎಂಬ ವಾದವೂ ಎಲ್ಲಾ ದೇಶಗಳಲ್ಲಿ ಕೇಳಿಬರುತ್ತದೆ. ಬ್ರಿಟನ್‌ನಲ್ಲಿ ರಸ್ತೆಗೆಂದೇ ಮೀಸಲಾಗಿದ್ದ ತೆರಿಗೆ 1937ರಲ್ಲೇ ಕೊನೆಯಾಯಿತು. ಈಗ ಅಲ್ಲಿ ರಸ್ತೆಗೆ ಹಣ ಬರುವುದು ಎಲ್ಲರ ಸಾಮಾನ್ಯ ತೆರಿಗೆಯಿಂದ. ಗಾಡಿಯ ಮೇಲಿನ ತೆರಿಗೆ ಹೊಗೆಯ ಲೆಕ್ಕದ ಮೇಲೆ ನಿಂತಿದ್ದರಿಂದ ವಿದ್ಯುತ್ ಕಾರುಗಳು 2025ರ ಏಪ್ರಿಲ್‌ವರೆಗೆ ಏನೂ ಕಟ್ಟುತ್ತಿರಲಿಲ್ಲ. ಅವು ರಸ್ತೆ ಬಿಟ್ಟು ಇಳಿಯಲಿ ಎಂದು ಯಾರೂ ಕೇಳಲಿಲ್ಲ. ರಸ್ತೆ ಹಾಳಾಗುವ ಲೆಕ್ಕ ತೆಗೆದರಂತೂ ಸೈಕಲ್ಲಿನ ಪಾಲು ಹೆಚ್ಚುಕಡಿಮೆ ಸೊನ್ನೆ. ಅಮೆರಿಕದಲ್ಲಿ 1950ರ ದಶಕದ ಕೊನೆಗೆ ನಡೆದ ದೊಡ್ಡ ಪರೀಕ್ಷೆಯಿಂದ ಎಂಜಿನಿಯರ್‌ಗಳು ಕಂಡುಕೊಂಡ ಅಂದಾಜು ಹೀಗಿದೆ: ಗಾಡಿಯ ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ.

ನಂಬರ್ ಪ್ಲೇಟ್, ವಿಮೆ ಕಡ್ಡಾಯ ಮಾಡಿ ಎಂಬ ಬೇಡಿಕೆಗೆ ಸ್ವಿಟ್ಜರ್ಲೆಂಡ್ ಒಳ್ಳೆಯ ಉದಾಹರಣೆ. ಅಲ್ಲಿ ದಶಕಗಳ ಕಾಲ ಪ್ರತಿ ಸೈಕಲ್ಲಿಗೂ ವಿಮೆಯ ಚೀಟಿ ಅಂಟಿಸಬೇಕಿತ್ತು. 2012ರಿಂದ ಅದನ್ನು ಕೈಬಿಟ್ಟರು.

ಕೆಂಪು ದೀಪ ಮತ್ತು ‘ಕಳ್ಳ’ ಸವಾರರು

ಸೈಕಲ್ಲಿನವರು ನಿಯಮ ಪಾಲಿಸುವುದಿಲ್ಲ. ಚಾಲಕರ ಬಾಯಲ್ಲಿ ಅತಿ ಹೆಚ್ಚು ಬರುವ ಮಾತು ಇದು, ಮತ್ತು ಇದರಲ್ಲಿ ಸತ್ಯವೂ ಇದೆ. ಆದರೆ ಯಾರು, ಯಾಕೆ, ಎಲ್ಲಿ ಮುರಿಯುತ್ತಾರೆ ಎಂದು ನೋಡಿದರೆ ಚಿತ್ರ ಬದಲಾಗುತ್ತದೆ.

ಅಮೆರಿಕದ ಕೊಲರಾಡೊದಲ್ಲಿ ವೆಸ್ಲಿ ಮಾರ್ಷಲ್ ಮತ್ತು ಅವರ ಜೊತೆಗಾರರು ಸಾವಿರಾರು ಜನರನ್ನು ಕೇಳಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ರಸ್ತೆಯಲ್ಲಿ ಒಮ್ಮೆಯೂ ನಿಯಮ ಮುರಿದಿಲ್ಲ ಎನ್ನುವವರು ಯಾವ ಗುಂಪಿನಲ್ಲೂ ಸಿಗುವುದೇ ಕಷ್ಟವಾಯಿತು. ವ್ಯತ್ಯಾಸ ಇದ್ದದ್ದು ಕಾರಣದಲ್ಲಿ. ಕಾರಿನವರು ಹೆಚ್ಚಾಗಿ ಸಮಯ ಉಳಿಸಲು ಮುರಿಯುತ್ತಾರೆ. ಸೈಕಲ್ಲಿನವರಲ್ಲಿ ಶೇ 70ಕ್ಕೂ ಹೆಚ್ಚು ಜನ ಕೊಟ್ಟ ಕಾರಣ ತಮ್ಮ ಸುರಕ್ಷತೆ. ಹಸಿರು ದೀಪ ಬಿದ್ದಾಗ ಹಿಂದಿನ ಗಾಡಿಗಳೆಲ್ಲಾ ಒಟ್ಟಿಗೆ ಮೈಮೇಲೆ ಬರುವ ಮೊದಲೇ ಜಂಕ್ಷನ್ ದಾಟಿಬಿಡುವುದು ವಾಸಿ ಎಂಬುದು ಅವರ ತರ್ಕ.

ಡೆನ್ಮಾರ್ಕ್‌ನಲ್ಲಿ ಜಂಕ್ಷನ್‌ಗಳಿಗೆ ಕ್ಯಾಮೆರಾ ಇಟ್ಟು ಎಣಿಸಿದಾಗ ಇನ್ನೊಂದು ಸಂಗತಿ ಹೊರಬಂತು. ಸೈಕಲ್ ಪಥ ಇರುವ ಕಡೆ ನಿಯಮ ಮುರಿದ ಸವಾರರು ಶೇ 5ಕ್ಕಿಂತ ಕಡಿಮೆ. ಪಥ ಇಲ್ಲದ ಕಡೆ ಶೇ 14. ಅದೇ ದೇಶ, ಅಂಥವೇ ಜನ. ಬದಲಾದದ್ದು ರಸ್ತೆ.

ಕೆಲವು ಕಡೆ ಕಾನೂನೇ ಬಗ್ಗಿತು. ಅಮೆರಿಕದ ಐಡಹೊ ರಾಜ್ಯ 1982ರಲ್ಲೇ ಸೈಕಲ್ ಸವಾರರು ‘ಸ್ಟಾಪ್’ ಫಲಕದ ಬಳಿ ಪೂರ್ತಿ ನಿಲ್ಲಬೇಕಿಲ್ಲ, ನಿಧಾನ ಮಾಡಿ ದಾರಿ ಇದ್ದರೆ ಹೋಗಬಹುದು ಎಂದಿತು. ಸುಮಾರು ಮೂವತ್ತೈದು ವರ್ಷ ಬೇರೆ ಯಾವ ರಾಜ್ಯವೂ ಪೂರ್ತಿ ಹಿಂಬಾಲಿಸಲಿಲ್ಲ. 2017ರಲ್ಲಿ ಡೆಲವೇರ್, ಆಮೇಲೆ ಆರ್ಕನ್ಸಾ, ಒರೆಗಾನ್, ವಾಷಿಂಗ್ಟನ್, ಕೊಲರಾಡೊ ಹೀಗೆ ಸಾಲಾಗಿ ಬಂದವು. ಫ್ರಾನ್ಸ್ 2012ರಿಂದ ಕೆಲವು ಸಿಗ್ನಲ್‌ಗಳಲ್ಲಿ ಚಿಕ್ಕ ತ್ರಿಕೋನದ ಫಲಕ ಹಾಕಿದೆ. ಆ ಫಲಕ ಇದ್ದಲ್ಲಿ ಸೈಕಲ್ಲಿನವರು ಕೆಂಪು ದೀಪವಿದ್ದರೂ ದಾರಿ ಬಿಟ್ಟುಕೊಟ್ಟು ಮುಂದೆ ಹೋಗಬಹುದು. ಕಾರಿನಲ್ಲಿ ಕಾಯುತ್ತಿರುವವರಿಗೆ ಇದು ಕಣ್ಣೆದುರಿನ ಅನ್ಯಾಯದಂತೆ ಕಾಣುವುದು ಸಹಜ. ಈ ನಿಯಮ ತಂದ ಸರ್ಕಾರಗಳು ಅದನ್ನು ಚಾಲಕರಿಗೆ ಸರಿಯಾಗಿ ವಿವರಿಸಲು ಅಷ್ಟೇ ಶ್ರಮ ಹಾಕಿದಂತೆ ಕಾಣುವುದಿಲ್ಲ.

ತೂಕ, ವೇಗ ಮತ್ತು ಹೊಣೆ

ನಿಯಮ ಎಲ್ಲರಿಗೂ ಒಂದೇ ಇರಬೇಕು ಎಂಬುದು ಕೇಳಲು ನ್ಯಾಯವಾಗಿದೆ. ಅದಕ್ಕೆ ಎದುರು ನಿಲ್ಲುವುದು ಭೌತಶಾಸ್ತ್ರ. 1,500 ಕಿಲೋ ತೂಕದ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ, 20 ಕಿ.ಮೀ. ವೇಗದಲ್ಲಿ ಹೋಗುವ 85 ಕಿಲೋ ತೂಕದ ಸವಾರ-ಸೈಕಲ್ ಜೋಡಿಗಿಂತ ಸುಮಾರು 110 ಪಟ್ಟು. ಇಬ್ಬರೂ ಒಂದೇ ತಪ್ಪು ಮಾಡಿದರೂ ಪೆಟ್ಟು ಬೀಳುವುದು ಒಬ್ಬರಿಗೇ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಅವರಲ್ಲಿ ಸೈಕಲ್ ಸವಾರರು ಶೇ 6ರಷ್ಟು, ನಡೆದುಹೋಗುವವರು ಶೇ 23ರಷ್ಟು.

ಬ್ರಿಟನ್ 2022ರಲ್ಲಿ ಹೆಚ್ಚು ಹಾನಿ ಮಾಡಬಲ್ಲವರಿಗೆ ಹೆಚ್ಚು ಹೊಣೆ ಎಂಬ ಶ್ರೇಣಿಯನ್ನು ಬರೆದದ್ದು ಇದರ ಮೇಲೆ. ಲಾರಿಯವರಿಗೆ ಕಾರಿನವರಿಗಿಂತ, ಕಾರಿನವರಿಗೆ ಸೈಕಲ್ಲಿನವರಿಗಿಂತ, ಸೈಕಲ್ಲಿನವರಿಗೆ ನಡೆಯುವವರಿಗಿಂತ ಹೆಚ್ಚು ಜವಾಬ್ದಾರಿ. ಮೇಲೆ ಹೇಳಿದ 2025ರ ಮಸೂದೆ ಇದಕ್ಕೆ ವಿರುದ್ಧ ಎಂದು ಅನ್ನಿಸಬಹುದು. ನೋಡಿದರೆ ಅದೇ ಏಣಿಯ ಕೆಳಗಿನ ಮೆಟ್ಟಿಲು ಅದು. ಸೈಕಲ್ ಬಡಿದು ಪಾದಚಾರಿ ಸತ್ತರೆ ಅಲ್ಲಿ ಅಲ್ಲಿಯವರೆಗೆ ಬಳಸುತ್ತಿದ್ದದ್ದು 1861ರ ಕಾನೂನು, ಕುದುರೆ ಗಾಡಿಗಳ ಕಾಲದ್ದು. ಅದರಲ್ಲಿ ಗರಿಷ್ಠ ಶಿಕ್ಷೆ ಎರಡು ವರ್ಷ. ಇಂಥ ಸಾವುಗಳು ಬಹಳ ಅಪರೂಪ, ನಿಜ. ಅಪರೂಪ ಎಂದಮಾತ್ರಕ್ಕೆ ಸತ್ತವರ ಮನೆಯವರಿಗೆ ಕಾನೂನು ಇರಬಾರದು ಎಂದಾಗುವುದಿಲ್ಲ.

ನೆದರ್ಲೆಂಡ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಮೋಟಾರು ಗಾಡಿ ಸೈಕಲ್ಲಿಗೆ ಡಿಕ್ಕಿ ಹೊಡೆದರೆ ಪರಿಹಾರದ ಹೊಣೆ ಮೊದಲಿಗೆ ಗಾಡಿಯವರ ಮೇಲೆ. ಪೆಟ್ಟಾದವರು 14 ವರ್ಷಕ್ಕಿಂತ ಚಿಕ್ಕವರಾದರೆ ಹೆಚ್ಚುಕಡಿಮೆ ಪೂರ್ತಿ ನಷ್ಟ ತುಂಬಬೇಕು. ದೊಡ್ಡವರಾದರೆ, ತಪ್ಪು ಅವರದೇ ಇದ್ದರೂ, ಸಾಮಾನ್ಯವಾಗಿ ಕನಿಷ್ಠ ಅರ್ಧ. ಬೇರೆ ದೇಶಗಳಲ್ಲಿ ಇದನ್ನು ‘ಅಲ್ಲಿ ಕಾರಿನವರೇ ಯಾವಾಗಲೂ ಅಪರಾಧಿ’ ಎಂದು ತಪ್ಪಾಗಿ ಹೇಳುತ್ತಾರೆ. ಇದು ವಿಮೆಯ ಹಣದ ವಿಷಯ. ಜೈಲಿಗೂ ಇದಕ್ಕೂ ಸಂಬಂಧ ಇಲ್ಲ.

ಎದುರಿಗಿರುವವರು ಮನುಷ್ಯರಾಗಿ ಕಾಣದಿದ್ದಾಗ

ಸಿಟ್ಟಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಆಸ್ಟ್ರೇಲಿಯಾದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಒಂದು ಅಳತೆಗೋಲು ಕೊಟ್ಟು, ಸೈಕಲ್ ಸವಾರರು ಎಷ್ಟರ ಮಟ್ಟಿಗೆ ಪೂರ್ತಿ ಮನುಷ್ಯರು ಎಂದು ಕೇಳಿದರು. ಸೈಕಲ್ ಓಡಿಸದವರಲ್ಲಿ ಶೇ 55ರಷ್ಟು ಜನ ಪೂರ್ತಿಗಿಂತ ಕಡಿಮೆ ಎಂದು ಗುರುತು ಹಾಕಿದರು. ಹಾಗೆ ಗುರುತು ಹಾಕಿದವರಲ್ಲಿ ಸವಾರರ ಮೇಲೆ ಸಿಟ್ಟು ತೀರಿಸಿಕೊಳ್ಳುವ ವರ್ತನೆಯೂ ಹೆಚ್ಚಿತ್ತು. ಆಮೇಲೆ ಬಂದ ಇನ್ನೊಂದು ಅಧ್ಯಯನದಲ್ಲಿ, ಹೆಲ್ಮೆಟ್ ಅಥವಾ ಹೊಳೆಯುವ ಜಾಕೆಟ್ ಹಾಕಿದ ಸವಾರರು ನೋಡುವವರಿಗೆ ಇನ್ನಷ್ಟು ‘ಮನುಷ್ಯರಲ್ಲದವರಾಗಿ’ ಕಂಡರು. ಸುರಕ್ಷತೆಗೆಂದು ಹಾಕಿಕೊಂಡದ್ದೇ ಮುಖ ಮರೆಮಾಡುತ್ತದೆ.

ಕಾರಿನೊಳಗಿನವರ ಮುಖವೂ ಗಾಜಿನ ಹಿಂದೆ ಕಾಣುವುದಿಲ್ಲ, ಅದನ್ನೂ ಮರೆಯಬಾರದು. ಸವಾರರಿಗೆ ಹಿಂದೆ ಬರುತ್ತಿರುವುದು ಬರೀ ಒಂದು ಲೋಹದ ಗಾಡಿ. ಫುಟ್‌ಪಾತಿನಲ್ಲಿ ಇಬ್ಬರು ಎದುರಾದರೆ ಒಂದು ನೋಟ, ಒಂದು ನಗುವಿನಲ್ಲಿ ದಾರಿ ಬಿಟ್ಟುಕೊಳ್ಳುತ್ತಾರೆ. ರಸ್ತೆಯಲ್ಲಿ ಆ ದಾರಿ ಮುಚ್ಚಿದೆ. ಉಳಿದಿರುವ ಭಾಷೆ ಹಾರ್ನ್ ಒಂದೇ. ಹಿಂದೆ ಇದ್ದೇನೆ ಎನ್ನುವುದಕ್ಕೂ, ತೊಲಗು ಎನ್ನುವುದಕ್ಕೂ ಅದರ ಸದ್ದು ಒಂದೇ.

ಬಣ್ಣದ ಗೆರೆ ಸಾಕೇ?

ಜಗಳ ಬಿಸಿಯಾದಾಗ ನಗರಗಳು ಮಾಡುವ ಅತಿ ಅಗ್ಗದ ಕೆಲಸ, ರಸ್ತೆಯ ಅಂಚಿನಲ್ಲಿ ಒಂದು ಬಿಳಿ ಗೆರೆ ಎಳೆದು ಸೈಕಲ್ ಚಿತ್ರ ಬರೆಯುವುದು. ಎಲ್ಲರಿಗೂ ಜಾಗ ಸಿಕ್ಕಿತು ಎಂಬ ಸಮಾಧಾನ. ಮೆಲ್ಬರ್ನ್‌ನಲ್ಲಿ ಬೆನ್ ಬೆಕ್ ಮತ್ತು ಅವರ ತಂಡ ಸೈಕಲ್‌ಗಳಿಗೆ ಅಳೆಯುವ ಯಂತ್ರ ಕಟ್ಟಿ 18 ಸಾವಿರಕ್ಕೂ ಹೆಚ್ಚು ಓವರ್‌ಟೇಕ್‌ಗಳನ್ನು ಅಳೆದರು. 2019ರಲ್ಲಿ ಬಂದ ಫಲಿತಾಂಶ ಎಲ್ಲರ ಊಹೆಗೆ ಉಲ್ಟಾ. ಗೆರೆ ಇಲ್ಲದ ರಸ್ತೆಗಿಂತ ಗೆರೆ ಇರುವ ರಸ್ತೆಯಲ್ಲಿ ಕಾರುಗಳು ಸರಾಸರಿ 27 ಸೆಂ.ಮೀ. ಹತ್ತಿರದಿಂದ ದಾಟಿದವು. ಗೆರೆಯ ಪಕ್ಕ ಕಾರುಗಳೂ ನಿಂತಿದ್ದರೆ 40 ಸೆಂ.ಮೀ. ಹತ್ತಿರ.

ಕಾರಣ ಸರಳ. ಗೆರೆ ಇಲ್ಲದಿದ್ದರೆ ಚಾಲಕರು ಸೈಕಲ್ಲನ್ನು ನೋಡಿ ಎಷ್ಟು ಜಾಗ ಬಿಡಬೇಕು ಎಂದು ಯೋಚಿಸುತ್ತಾರೆ. ಗೆರೆ ಇದ್ದರೆ ಗೆರೆಯನ್ನು ನೋಡುತ್ತಾರೆ. ‘ನಾನು ನನ್ನ ಲೇನಿನಲ್ಲಿದ್ದೇನೆ, ಅವರು ಅವರ ಲೇನಿನಲ್ಲಿದ್ದಾರೆ’ ಎಂದುಕೊಂಡು ವೇಗ ಇಳಿಸದೆ ಹೋಗುತ್ತಾರೆ. ಹಾಗಾಗಿ ಗೆರೆ ಎಳೆದೂ ಜಗಳ ನಿಲ್ಲಲಿಲ್ಲ ಎಂದು ನಗರದವರು ಸೋಜಿಗಪಟ್ಟರೆ ಅದರಲ್ಲಿ ಸೋಜಿಗ ಏನೂ ಇಲ್ಲ. ಕಲ್ಲಿನ ಕಟ್ಟೆಯೋ ಗಿಡಗಳ ಸಾಲೋ ನಡುವೆ ಇರುವ ಪ್ರತ್ಯೇಕ ಪಥ ಬೇರೆ, ಬಣ್ಣ ಬೇರೆ.

ಪಥ ಕಿತ್ತರೆ ಕಾರುಗಳಿಗೆ ಲಾಭವೇ?

ಈಗ ಟೊರಾಂಟೊ ಪ್ರಕರಣಕ್ಕೆ ಬರೋಣ. ಒಂಟಾರಿಯೊ ಸರ್ಕಾರದ ವಾದ ಜನರಿಗೆ ಬೇಗ ಹಿಡಿಸುವಂಥದ್ದು: ಸೈಕಲ್ ಪಥಕ್ಕಾಗಿ ಕಾರಿನ ಲೇನ್ ತೆಗೆದಿರಿ, ಅದಕ್ಕೇ ಟ್ರಾಫಿಕ್ ಜಾಮ್. ಪಥ ಕಿತ್ತರೆ ಜಾಮ್ ಕಡಿಮೆಯಾಗುತ್ತದೆ. ಬ್ಲೋರ್, ಯಂಗ್, ಯೂನಿವರ್ಸಿಟಿ ಎಂಬ ಮೂರು ರಸ್ತೆಗಳ ಹೆಸರನ್ನು ಕಾನೂನಿನಲ್ಲೇ ಬರೆದರು. ಮುಂದೆ ಯಾವ ನಗರವೂ ಕಾರಿನ ಲೇನ್ ತೆಗೆದು ಸೈಕಲ್ ಪಥ ಮಾಡಬೇಕಾದರೆ ಪ್ರಾಂತ್ಯದ ಒಪ್ಪಿಗೆ ಬೇಕು ಎಂದರು.

ಸೈಕಲ್ ಸವಾರರು ಕೋರ್ಟಿಗೆ ಹೋದರು. ನ್ಯಾಯಾಧೀಶರು ಹೇಳಿದ್ದನ್ನು ಬಹಳ ಜನ ‘ಸೈಕಲ್ ಪಥ ಮೂಲಭೂತ ಹಕ್ಕು’ ಎಂದು ಅರ್ಥ ಮಾಡಿಕೊಂಡರು. ತೀರ್ಪು ಅಷ್ಟು ದೂರ ಹೋಗಲಿಲ್ಲ. ಇರುವ ಸುರಕ್ಷತೆಯನ್ನು ಕಿತ್ತುಹಾಕಿದರೆ ಜನರ ಜೀವಕ್ಕೆ ಅಪಾಯ ಹೆಚ್ಚುತ್ತದೆ. ಅದಕ್ಕೆ ಸರ್ಕಾರ ಕೊಡುವ ಕಾರಣ ಜಾಮ್ ಇಳಿಯುತ್ತದೆ ಎಂಬುದು. ಆದರೆ ಜಾಮ್ ಇಳಿಯುತ್ತದೆ ಎನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ. ಪುರಾವೆ ಇಲ್ಲದ ಲಾಭಕ್ಕಾಗಿ ಜೀವವನ್ನು ಅಪಾಯಕ್ಕೆ ಒಡ್ಡುವುದು ಸಂವಿಧಾನ ಕೊಟ್ಟ ಜೀವ ಮತ್ತು ಸುರಕ್ಷತೆಯ ಹಕ್ಕಿಗೆ ವಿರುದ್ಧ. ವಾದದ ಎಳೆ ಇಷ್ಟೇ. ಸರ್ಕಾರ ಮೇಲ್ಮನವಿಗೆ ಹೊರಟಿತು.

ಪುರಾವೆ ಯಾಕಿಲ್ಲ ಎಂಬುದಕ್ಕೂ ಅಗಲದ ಲೆಕ್ಕವೇ ಉತ್ತರ. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘದ ಅಂದಾಜಿನಂತೆ, ಬರೀ ಕಾರುಗಳು ಓಡುವ ಒಂದು ಲೇನ್ ಗಂಟೆಗೆ 600ರಿಂದ 1,600 ಜನರನ್ನು ಸಾಗಿಸಬಲ್ಲದು. ಅಷ್ಟೇ ಜಾಗದ ಎರಡು ದಿಕ್ಕಿನ ಪ್ರತ್ಯೇಕ ಸೈಕಲ್ ಪಥ 7,500ರವರೆಗೆ. ಆದರೆ ಇಲ್ಲೊಂದು ಎಚ್ಚರ ಬೇಕು. ಇದು ಸಾಗಿಸಬಲ್ಲ ಮಿತಿ, ದಿನಾ ಸಾಗುವ ಜನರ ಎಣಿಕೆ ಅಲ್ಲ. ಪಥ ಖಾಲಿ ಹೊಡೆಯುತ್ತಿದ್ದರೆ ಚಾಲಕರಿಗೆ ಹೊಟ್ಟೆ ಉರಿಯುವುದು ಸಹಜವೇ. ಪಥ ಎಲ್ಲಿಂದಲೋ ಶುರುವಾಗಿ ದೊಡ್ಡ ಜಂಕ್ಷನ್ ಬಂದಲ್ಲಿ ಮಾಯವಾದರೆ ಅದು ಖಾಲಿಯೇ ಇರುತ್ತದೆ. ಅರ್ಧ ಕಟ್ಟಿದ ಪಥ ಎರಡೂ ಕಡೆಯವರ ಸಿಟ್ಟಿಗೆ ಒಳ್ಳೆಯ ಆಹಾರ.

ನೆದರ್ಲೆಂಡ್ಸ್ ಹುಟ್ಟುತ್ತಲೇ ಹೀಗಿರಲಿಲ್ಲ

‘ಅದು ಅವರ ಸಂಸ್ಕೃತಿ, ನಮ್ಮಲ್ಲಿ ಆಗಲ್ಲ’ ಎಂಬ ಮಾತಿಗೆ 1971 ನೆನಪಿಸಬೇಕು. ಆ ವರ್ಷ ನೆದರ್ಲೆಂಡ್ಸ್‌ನ ರಸ್ತೆಗಳಲ್ಲಿ 3,200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಕಾರುಗಳಿಗಾಗಿ ಊರುಗಳನ್ನು ಅಗೆಯುತ್ತಿದ್ದ ಕಾಲ ಅದು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಂದೆತಾಯಿಗಳು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಬಂತು, ಭಾನುವಾರ ಕಾರು ಓಡಿಸುವಂತಿಲ್ಲ ಎಂದಾಯಿತು. ಆಮೇಲೆ ದಶಕಗಳ ಕಾಲ ನಿಧಾನವಾಗಿ ರಸ್ತೆಗಳನ್ನು ಬದಲಿಸಿದರು. ವೇಗ ಜಾಸ್ತಿ ಇರುವಲ್ಲಿ ಸೈಕಲ್ ಪಥ ಬೇರೆ. ಪಥ ಬೇರೆ ಮಾಡಲು ಜಾಗ ಇಲ್ಲದಲ್ಲಿ ಕಾರಿನ ವೇಗ 30 ಕಿ.ಮೀ. ಎರಡರಲ್ಲಿ ಒಂದು ಆಗಲೇಬೇಕು ಎಂಬುದು ಅಲ್ಲಿನ ಸೂತ್ರ.

30 ಕಿ.ಮೀ. ಮಿತಿ ಹಲವು ಕಡೆ ಹರಡುತ್ತಿದೆ. ಬ್ರಸೆಲ್ಸ್ ಮತ್ತು ಪ್ಯಾರಿಸ್ 2021ರಲ್ಲಿ ಹೆಚ್ಚಿನ ರಸ್ತೆಗಳಿಗೆ ತಂದವು. ಅರ್ಧಕ್ಕೂ ಹೆಚ್ಚು ರಸ್ತೆಗಳಲ್ಲಿ ಈ ಮಿತಿ ಇರುವ ಹೆಲ್ಸಿಂಕಿಯಲ್ಲಿ 2025ರ ಬೇಸಿಗೆಯ ಹೊತ್ತಿಗೆ ಇಡೀ ಒಂದು ವರ್ಷ ರಸ್ತೆ ಅಪಘಾತದಲ್ಲಿ ಒಂದೂ ಸಾವಾಗಿರಲಿಲ್ಲ. ವಿರೋಧ ಇಲ್ಲ ಎಂದಲ್ಲ. ವೇಲ್ಸ್ 2023ರ ಸೆಪ್ಟೆಂಬರ್‌ನಲ್ಲಿ ಜನವಸತಿ ರಸ್ತೆಗಳಿಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ಮಿತಿ ತಂದಾಗ ಅದರ ವಿರುದ್ಧದ ಮನವಿಗೆ ಸುಮಾರು ಐದು ಲಕ್ಷ ಜನ ಸಹಿ ಹಾಕಿದರು. ಕೆಲವು ರಸ್ತೆಗಳಲ್ಲಿ ಮಿತಿಯನ್ನು ಮತ್ತೆ ಏರಿಸಲು ಅಲ್ಲಿನ ಸರ್ಕಾರ ಒಪ್ಪಿಕೊಳ್ಳಬೇಕಾಯಿತು.

ಮುಂದಿನ ಜಗಳ

ಸೈಕಲ್ ಹೆಚ್ಚಾದಂತೆ ಒಬ್ಬೊಬ್ಬ ಸವಾರರಿಗೆ ಇರುವ ಅಪಾಯ ಕಡಿಮೆಯಾಗುತ್ತದೆ ಎಂದು ಪೀಟರ್ ಜೇಕಬ್ಸನ್ 2003ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅವರ ಲೆಕ್ಕದಲ್ಲಿ ಸವಾರರ ಸಂಖ್ಯೆ ಎರಡು ಪಟ್ಟಾದರೆ ಒಬ್ಬರ ಅಪಾಯ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಚಾಲಕರ ಕಣ್ಣಿಗೆ ಸೈಕಲ್ ರೂಢಿಯಾಗುವುದು ಇದಕ್ಕೆ ಒಂದು ಕಾರಣ. ದಿನಾ ಸೈಕಲ್ ಓಡಿಸುವವರೇ ಬೇರೆ ಹೊತ್ತಿನಲ್ಲಿ ಕಾರು ಓಡಿಸುವುದು ಇನ್ನೊಂದು ಕಾರಣ ಇರಬಹುದು. ಹಾಗೆ ನೋಡಿದರೆ ಪ್ರತ್ಯೇಕ ಪಥ ಕಟ್ಟಿದ ನಗರಗಳಲ್ಲಿ ಕಾರು-ಸೈಕಲ್ ಜಗಳ ಮೊದಲ ಕೆಲವು ವರ್ಷ ಏರಿ, ಆಮೇಲೆ ಇಳಿಯುವ ಸಾಧ್ಯತೆ ಜಾಸ್ತಿ. ಗೆರೆ ಎಳೆದು ಸುಮ್ಮನಾದ ನಗರಗಳಲ್ಲಿ ಅದು ಚುನಾವಣೆಯಿಂದ ಚುನಾವಣೆಗೆ ಉರಿಯುತ್ತಲೇ ಇರುತ್ತದೆ.

ಆದರೆ ಪಥ ಕಟ್ಟಿದ ನಗರಗಳಿಗೂ ಹೊಸ ತಲೆನೋವು ಬಂದಿದೆ. ಯುರೋಪಿನಲ್ಲಿ ಇ-ಬೈಕ್‌ನ ಮೋಟಾರು 25 ಕಿ.ಮೀ. ವೇಗಕ್ಕೆ ನಿಲ್ಲಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಒಂದು ಬಗೆಯ ಇ-ಬೈಕ್‌ಗೆ 45 ಕಿ.ಮೀ.ವರೆಗೂ ಅನುಮತಿ ಇದೆ. ಮೋಟಾರನ್ನು ತಿದ್ದಿ ಇನ್ನೂ ವೇಗ ಹೆಚ್ಚಿಸಿಕೊಂಡವರೂ ಇದ್ದಾರೆ. ಕಾರಿಗೂ ಸೈಕಲ್ಲಿಗೂ ನಡುವೆ ಇದ್ದ ವೇಗದ ಅಂತರ ಈಗ ಪಥದೊಳಗೇ, ಇ-ಬೈಕಿಗೂ ಶಾಲೆಗೆ ಹೋಗುವ ಮಗುವಿನ ಸೈಕಲ್ಲಿಗೂ ನಡುವೆ ಬಂದು ನಿಂತಿದೆ. ನ್ಯೂಯಾರ್ಕಿನ 15 ಮೈಲಿಯ ಮಿತಿಯನ್ನು ಓದಬೇಕಾದ್ದು ಹೀಗೆ. ಪಕ್ಕದಲ್ಲೇ ಓಡುವ ಕಾರುಗಳಿಗೆ ಅದಕ್ಕಿಂತ ಹೆಚ್ಚಿನ ವೇಗ ಬಿಟ್ಟು ಇ-ಬೈಕಿಗೆ ಮಾತ್ರ ಕಡಿವಾಣ ಯಾಕೆ ಎಂಬ ಸವಾರರ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು.

ಡಚ್ಚರು ಇದನ್ನು ಮೊಪೆಡ್‌ಗಳ ವಿಷಯದಲ್ಲಿ ಮೊದಲೇ ಎದುರಿಸಿದ್ದಾರೆ. 45 ಕಿ.ಮೀ. ವೇಗದ ಮೊಪೆಡ್‌ಗಳನ್ನು 1999ರ ಕೊನೆಯಲ್ಲಿ ಊರೊಳಗಿನ ಸೈಕಲ್ ಪಥಗಳಿಂದ ರಸ್ತೆಗೆ ಕಳಿಸಿದರು. 25 ಕಿ.ಮೀ.ಯ ಹಗುರ ಮೊಪೆಡ್‌ಗಳು ಪಥದಲ್ಲೇ ಉಳಿದವು. ಅವೂ ಜಾಸ್ತಿಯಾಗಿ ಸೈಕಲ್ಲಿನವರ ದೂರು ಏರಿದಾಗ, ಆಮ್‌ಸ್ಟರ್‌ಡ್ಯಾಮ್ 2019ರ ಏಪ್ರಿಲ್‌ನಲ್ಲಿ ಅವನ್ನೂ ಹೆಲ್ಮೆಟ್ ಕಡ್ಡಾಯ ಮಾಡಿ ರಸ್ತೆಗೆ ಇಳಿಸಿತು. ಈಗ ಅಲ್ಲಿ ದಪ್ಪ ಟೈರಿನ ಇ-ಬೈಕ್‌ಗಳ ಸರದಿ. ಅವನ್ನು ಪಥದಿಂದ ತೆಗೆಯಬೇಕೋ, ತೆಗೆದರೆ ಗಂಟೆಗೆ 50 ಕಿ.ಮೀ. ವೇಗದ ಕಾರುಗಳ ನಡುವೆ ಬಿಡಬೇಕೋ ಎಂದು ವಾದ ನಡೆಯುತ್ತಿದೆ.